ದುಂಡುಮನೆಗೆ ನಮ್ಮ ಮಣ್ಣು, ನಮ್ಮ ಬಿದಿರು, ನಮ್ಮ ಕಂಬಳಿ

ಮನೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ನಾಲ್ಕು ಮೂಲೆಗಳ ಕಟ್ಟಡ. ಬೀರು ಮಂಚಗಳನ್ನು ಇರಿಸಲು ಗೃಹಿಣಿಗೆ ಮೂಲೆ ಬೇಕು. ವಾಸ್ತು ಹೇಳುವವರಿಗೆ ಮೂಲೆಯಿಲ್ಲದಿದ್ದರೆ ಕೆಲಸವೇ ಇಲ್ಲ. ತುಂಟ ಹುಡುಗನನ್ನು ನಿಲ್ಲಿಸಲು ತಂದೆಗೂ ಒಂದು ಮೂಲೆ ಬೇಕು. ಹೀಗಿದ್ದರೂ ಈಚೆಗೆ ಊರ ಹೊರಗೆ ತೋಟವೋ ತುಂಡು ಜಮೀನೋ ಉಳ್ಳ ಕೆಲವರು ಮೂಲೆಯೇ ಇಲ್ಲದ ಮನೆಯ ಮಾತನ್ನಾಡುತ್ತಿದ್ದಾರೆ. ಮಧ್ಯ ಏಷ್ಯದ ಕುರಿಗಾಹಿಗಳ ‘ಯುರ್ಟ್’ ಎಂಬ ಗುಂಡು ಬಿಡಾರದ ಚಿತ್ರವನ್ನು ಎಲ್ಲಿಯೋ ಕಂಡು, ಅಂಥದೊಂದನ್ನು ಮರಿಯಮ್ಮನಹಳ್ಳಿಯ ಬಳಿಯೋ ಸಂಡೂರಿನ ತಪ್ಪಲಿನಲ್ಲಿಯೋ ಕಟ್ಟಿಸಿದರೆ ಹೇಗೆ ಎಂದು ಕೇಳುತ್ತಾರೆ. ಕಟ್ಟಿಸಬಹುದು. ಆದರೆ ಯಾವುದರಿಂದ ಕಟ್ಟಬೇಕು ಎಂಬುದೇ ನಿಜವಾದ ಪ್ರಶ್ನೆ. ಅದನ್ನು ಕೇಳದೆ ಹಣ ಕೊಟ್ಟವರು ಮೊದಲ ಬೇಸಗೆಯಲ್ಲಿಯೇ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಮೊದಲು ಆ ಬಿಡಾರದ ಪರಿಚಯ ಮಾಡಿಕೊಳ್ಳೋಣ. ‘ಯುರ್ಟ್’ ಎಂಬುದು ತುರ್ಕಿ ಬಳಗದ ಭಾಷೆಗಳ ಮಾತು. ಮಂಗೋಲರು ಅದನ್ನು ‘ಗೆರ್’ ಎನ್ನುತ್ತಾರೆ. ತೆಳ್ಳನೆಯ ಮರದ ಪಟ್ಟಿಗಳನ್ನು ಅಡ್ಡಡ್ಡ ಹೆಣೆದು, ಬೇಕೆಂದಾಗ ಹಿಗ್ಗುವ, ಬೇಡವೆಂದಾಗ ಮಡಚುವ ಜಾಲರಿಯೇ ಅದರ ಗೋಡೆ. ಆ ಜಾಲರಿಯ ಮೇಲಂಚಿನಿಂದ ಗಳುಗಳು ಹೊರಟು ನಡುನೆತ್ತಿಯ ಒಂದು ಬಳೆಯನ್ನು ಸೇರುತ್ತವೆ. ಬೆಳಕು ಬರುವುದೂ ಒಲೆಯ ಹೊಗೆ ಹೋಗುವುದೂ ಆ ಬಳೆಯ ಮೂಲಕವೇ. ಈ ನೆತ್ತಿಬಳೆ ಅವರಿಗೆ ಎಷ್ಟು ಪೂಜ್ಯವೆಂದರೆ, ಕಿರ್ಗಿಸ್ತಾನದವರು ಅದನ್ನು ತಮ್ಮ ರಾಷ್ಟ್ರಧ್ವಜದ ಮೇಲೆಯೇ ಬರೆದುಕೊಂಡಿದ್ದಾರೆ. ಇಡೀ ಹಂದರಕ್ಕೆ ಹೊದಿಕೆ ಕುರಿಯ ಉಣ್ಣೆಯದು; ನೂಲದೆ, ನೇಯದೆ, ಉಣ್ಣೆಯನ್ನು ಹಾಸಿ ನೀರು ಚಿಮುಕಿಸಿ ಉರುಳಿಸಿ ಒತ್ತಿ ಮಾಡಿದ ದಪ್ಪ ಹಾಸು. ಹೊರಗಿನಿಂದ ಹಗ್ಗ ಬಿಗಿದರೆ ಮನೆಯಾಯಿತು. ಕೆಲವು ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ, ಅಷ್ಟೇ ಹೊತ್ತಿನಲ್ಲಿ ಮೂಟೆಯಾಗಿ ಒಂಟೆಯ ಬೆನ್ನೇರುತ್ತದೆ. ೨೦೧೩ರಲ್ಲಿ ಯುನೆಸ್ಕೊ ಸಂಸ್ಥೆ ಮಂಗೋಲರ ಈ ಕುಶಲವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅವರ ಬಿಡಾರ ಹುಟ್ಟಿದ್ದು ಚಳಿಗಾಗಿ. ಅಲ್ಲಿ ಚಳಿಗಾಲದಲ್ಲಿ ಉಷ್ಣಮಾನ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಕ್ಕಿಳಿಯುವುದುಂಟು. ನಮ್ಮಲ್ಲಿಯೋ? ಏಪ್ರಿಲ್ ತಿಂಗಳ ಮಧ್ಯಾಹ್ನ ಮರಿಯಮ್ಮನಹಳ್ಳಿಯ ಹೆದ್ದಾರಿಯ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಹೇಳಬೇಕಾದ್ದೇನೂ ಉಳಿಯುವುದಿಲ್ಲ. ಈಗ ಪೇಟೆಯಲ್ಲಿ ಸಿದ್ಧವಾಗಿ ದೊರೆಯುವ ‘ಯುರ್ಟ್’ಗಳಲ್ಲಿ ಹಲವಕ್ಕೆ ಉಣ್ಣೆಯೂ ಇಲ್ಲ, ಪ್ಲಾಸ್ಟಿಕ್ ಲೇಪದ ಬಟ್ಟೆ, ಅದರೊಳಗೆ ಮಿರಿಮಿರಿ ಹಾಳೆ. ಉಸಿರಾಡದ ಈ ಹೊದಿಕೆ ನಮ್ಮ ಬಿಸಿಲಿಗೆ ಸಿಕ್ಕಿದರೆ ಒಳಗಿರುವವರು ಹಬೆಯ ಕಡುಬೇ ಸರಿ. ಬಿಸಿಲಿಗೆ ಸೀಳುಬಿಟ್ಟ ಆ ಬಟ್ಟೆಯನ್ನು ಬಳಿಕ ಮಣ್ಣು ತಿನ್ನದು, ದನ ತಿಂದರೆ ದನಕ್ಕೆ ಕೇಡು. ಹೆಸರು ಮಾತ್ರ ಪ್ರಕೃತಿಸ್ನೇಹಿ.

ಹಾಗಾದರೆ ದುಂಡುಮನೆ ನಮಗೆ ಸಲ್ಲದೇ? ಸಲ್ಲುತ್ತದೆ. ಏಕೆಂದರೆ ಆ ವಿದ್ಯೆ ನಮ್ಮಲ್ಲಿಯೂ ಇದೆ. ಮನೆಯ ರೂಪದಲ್ಲಿ ಅಲ್ಲ, ಅಷ್ಟೆ. ಆನೆಗೊಂದಿಯ ಕಡವಿನಲ್ಲಿ ತುಂಗಭದ್ರೆಯನ್ನು ದಾಟಿಸುವ ಹರಿಗೋಲನ್ನು ನೆನೆಯಿರಿ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಈ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಒಳಗೆ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರುವುದಲ್ಲದೆ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದವಂತೆ. ಆ ಹರಿಗೋಲನ್ನು ಬೋರಲು ಹಾಕಿ ನೋಡಿ. ಹೆಣೆದ ಹಂದರ, ಅಂಚಿನ ಸುತ್ತ ಬಲವಾದ ಕಟ್ಟು, ಮೇಲೊಂದು ತೊಗಲು. ಯುರ್ಟಿನ ತತ್ತ್ವವೂ ಇಷ್ಟೇ. ಇನ್ನು ಮನೆಯ ಮೂಲೆಯಲ್ಲಿ ನಿಲ್ಲಿಸುತ್ತಿದ್ದ, ಮೇದಾರರು ಬಿದಿರಿನಿಂದ ಹೆಣೆದು ಮನೆಯವರು ಸಗಣಿ ಮಣ್ಣು ಮೆತ್ತುತ್ತಿದ್ದ ಕಣಜವಂತೂ ಕಾಳು ವಾಸಿಸುವ ದುಂಡುಮನೆಯೇ ಆಗಿತ್ತು.

ದುಂಡಗಿದ್ದರೆ ಲಾಭವೇನು? ಅರವತ್ತಡಿ ಉದ್ದದ ಗೋಡೆಯನ್ನು ಚೌಕವಾಗಿ ಎಬ್ಬಿಸಿದರೆ ಒಳಗೆ ಸಿಗುವುದು ಇನ್ನೂರಿಪ್ಪತ್ತೈದು ಚದರಡಿ. ಅದೇ ಗೋಡೆಯನ್ನು ವೃತ್ತವಾಗಿ ಸುತ್ತಿದರೆ ಇನ್ನೂರೆಂಬತ್ತಾರು ಚದರಡಿ. ಗೋಡೆಗೆ ಹಾಕಿದ ಸಾಮಾನು ಒಂದೇ. ಜಾಗ ಕಾಲು ಪಾಲಿಗಿಂತ ಹೆಚ್ಚು. ಆಷಾಢದ ಗಾಳಿಯೂ ಚೌಕಗೋಡೆಗೆ ಗುದ್ದಿದಂತೆ ದುಂಡುಗೋಡೆಗೆ ಗುದ್ದದೆ ಪಕ್ಕದಿಂದ ಜಾರಿಹೋಗುತ್ತದೆ.

ಈಗ ಸಾಮಾನಿನ ವಿಚಾರ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ. ಪ್ರಕೃತಿಯಿಂದ ಬಂದ ಪ್ರತಿಯೊಂದು ಸಾಮಾನಿಗೂ ಒಬ್ಬ ಶತ್ರುವಿದ್ದಾನೆ. ಮಣ್ಣಿಗೆ ನೀರು, ಬಿದಿರಿಗೆ ಹುಳು ಮತ್ತು ಗೆದ್ದಲು, ಉಣ್ಣೆಗೆ ನುಸಿ, ಹುಲ್ಲಿಗೆ ಬೆಂಕಿ. ಯಾವುದನ್ನು ಅದರ ಶತ್ರು ಬಾರದ ಎಡೆಯಲ್ಲಿ ಇಡುತ್ತೀರೋ ಅದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಬುಡದಿಂದ ಆರಂಭಿಸೋಣ. ನೆಲದಿಂದ ಒಂದೂವರೆ ಎರಡಡಿ ಎತ್ತರಕ್ಕೆ ಕಲ್ಲಿನ ಪೀಠ ಬೇಕು. ಕಲ್ಲಿಗೆ ಈ ಸೀಮೆಯಲ್ಲಿ ಬರವೇ! ಮಳೆನೀರು ಮಣ್ಣನ್ನು ಮುಟ್ಟದು, ಹೆಗ್ಗಣ ಕೊರೆಯದು, ಗೆದ್ದಲಿನ ದಾರಿ ಕಣ್ಣಿಗೆ ಬೀಳುತ್ತದೆ. ಕಲ್ಲುಗಳ ಸಂದಿಗೆ ಸಿಮೆಂಟಿನ ಬದಲು ಸುಣ್ಣದ ಗಾರೆ ಸಾಕು. ಸಿಮೆಂಟು ತಯಾರಿಸಲು ಸುಮಾರು ೧೪೫೦ ಡಿಗ್ರಿ ಕಾವು ಬೇಕು. ಸುಣ್ಣಕ್ಕೆ ೯೦೦ ಡಿಗ್ರಿ ಸಾಕು. ಗೂಡಿನಲ್ಲಿ ಸುಣ್ಣದಕಲ್ಲು ಬಿಟ್ಟ ಇಂಗಾಲದ ಅನಿಲದಲ್ಲಿ ಬಹುಪಾಲನ್ನು ಗಾರೆ ಗಟ್ಟಿಯಾಗುತ್ತ ಗಾಳಿಯಿಂದ ಮರಳಿ ಹೀರಿಕೊಳ್ಳುವುದೂ ಉಂಟು. ಗಾರೆಯ ಬಾಳಿಕೆಯ ಬಗ್ಗೆ ಸಂಶಯವಿರುವವರು ಹಂಪಿಯ ಕಮಲ ಮಹಲನ್ನು ನೋಡಿ ಬರಬಹುದು.

ಪೀಠದ ಮೇಲೆ ಮೂರಡಿ ಎತ್ತರಕ್ಕೆ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಮಂಗೋಲರ ಬಿಡಾರದಲ್ಲಿ ಇದಿಲ್ಲ, ಏಕೆಂದರೆ ಅವರು ಊರೂರಿಗೆ ಸಾಗುವವರು. ನಮಗೆ ಮಾತ್ರ ಇದು ಬೇಕೇ ಬೇಕು. ದಪ್ಪನೆಯ ಮಣ್ಣಿನ ಗೋಡೆ ಮಧ್ಯಾಹ್ನದ ಕಾವನ್ನು ಹೀರಿ ಒಳಕ್ಕೆ ಬಿಡುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆ ಹೊತ್ತಿಗೆ ನೆತ್ತಿಯ ಕಿಂಡಿ ಅದನ್ನು ಮೇಲಕ್ಕೆ ಕಳುಹಿಸುತ್ತದೆ. ಮಣ್ಣನ್ನು ಆರಿಸುವಲ್ಲಿ ಎಚ್ಚರ ಬೇಕು. ಕಂಪ್ಲಿಯ ಕಡೆಯ ಎರೆಮಣ್ಣು ಬೆಳೆಗೆ ಬಂಗಾರ, ಗೋಡೆಗೆ ಬೇಡ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಾಯಿಬಿಡುತ್ತದೆ. ಕೆಂಪು ಮಣ್ಣು ಒಳ್ಳೆಯದು. ಗಾಜಿನ ಸೀಸೆಯೊಂದರಲ್ಲಿ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ಹುಡಿಮಣ್ಣು, ತುದಿಯಲ್ಲಿ ಜೇಡಿ, ಹೀಗೆ ಪದರ ಕಟ್ಟುತ್ತದೆ. ಮರಳಿನ ಪದರ ಮೂರರಲ್ಲಿ ಎರಡು ಪಾಲಿನಷ್ಟಿದ್ದರೆ ನಿಮ್ಮ ಮಣ್ಣು ಗೋಡೆಗೆ ಯೋಗ್ಯ. ಜೇಡಿ ಹೆಚ್ಚಾದರೆ ಮರಳು ಬೆರೆಸಿ.

ಮಣ್ಣಿನ ಮುದ್ದೆಯ ಗೋಡೆಯಲ್ಲಿ ನಂಬಿಕೆಯಿಲ್ಲದವರಿಗೆ ಇನ್ನೊಂದು ದಾರಿಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ಘಟಕ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಮುಟ್ಟಿಸುವುದು ಅದರ ಉದ್ದೇಶ. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ನೂರಕ್ಕೆ ಏಳರಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ಬಳಕೆಗೆ ತಂದರು. ಇದಕ್ಕೆ ಸುಡುವ ಕೆಲಸವಿಲ್ಲ, ಆದುದರಿಂದ ಸೌದೆಯ ಖರ್ಚೂ ಇಲ್ಲ. ಮೂರು ನಾಲ್ಕು ವಾರ ನೆರಳಿನಲ್ಲಿ ನೀರುಣಿಸಿದರೆ ಸಾಕು.

ಮಣ್ಣಿನ ಗೋಡೆಯ ಮೇಲೆ ಬಿದಿರಿನ ಜಾಲರಿ. ನಮ್ಮಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ. ಅಂಗಡಿಯಿಂದ ಹಸಿ ಬಿದಿರು ತಂದು ಅಂದೇ ಕಟ್ಟಿಬಿಡುತ್ತಾರೆ; ಒಂದೆರಡು ವರ್ಷಕ್ಕೆ ಬಿಳಿಯ ಹಿಟ್ಟು ಉದುರತೊಡಗುತ್ತದೆ. ಬಿದಿರಿನೊಳಗಿನ ಪಿಷ್ಟವೇ ಹುಳುವಿಗೆ ಆಹಾರ. ಮಳೆಗಾಲ ಕಳೆದು ಚಳಿ ಬಿದ್ದಮೇಲೆ ಕಡಿದ ಬಲಿತ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಆ ಪಿಷ್ಟ ಕರಗಿ ಹೋಗುತ್ತದೆ. ಕೆರೆಯಲ್ಲಿ ಗಳು ನೆನೆಹಾಕುತ್ತಿದ್ದ ಹಿರಿಯರಿಗೆ ರಸಾಯನಶಾಸ್ತ್ರ ತಿಳಿಯದಿದ್ದರೂ ಫಲ ತಿಳಿದಿತ್ತು. ಆಮೇಲೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಿದರೆ ಇನ್ನೂ ಭದ್ರ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕಾನೂನಿನ ಕಣ್ಣಿಗೆ ‘ಮರ’ವಲ್ಲವೆಂದು ೨೦೧೭ರ ತಿದ್ದುಪಡಿ ಸಾರಿದೆ. ಆದುದರಿಂದ ತೋಟದ ಬೇಲಿಯಲ್ಲಿ ನಾಲ್ಕು ಮೆಳೆ ಬೆಳೆಸಿಕೊಳ್ಳುವುದು ಜಾಣತನ. ಜಾಲರಿಯ ಹೊರಮೈಗೆ ಮೇದಾರರು ಹೆಣೆದ ತಟ್ಟಿ, ಅದಕ್ಕೆ ಕಣಜಕ್ಕೆ ಮೆತ್ತಿದಂತೆಯೇ ಸಗಣಿ ಮಣ್ಣಿನ ಲೇಪ.

ಮಾಡಿನ ಗಳುಗಳು ಭಾರದಿಂದ ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಮಂಗೋಲರು ಅದಕ್ಕಾಗಿಯೇ ಗೋಡೆಯ ನೆತ್ತಿಗೆ ಹಗ್ಗ ಬಿಗಿಯುತ್ತಾರೆ. ಹರಿಗೋಲಿನ ಅಂಚಿಗೂ ದಪ್ಪ ಕಟ್ಟು ಅದಕ್ಕಾಗಿಯೇ. ಈ ಸೊಂಟಪಟ್ಟಿಯನ್ನು ಮರೆತರೆ ಮೊದಲ ದೊಡ್ಡ ಮಳೆಗೆ ಮನೆ ಅರಳಿದ ಹೂವಿನಂತೆ ಬಿಚ್ಚಿಕೊಳ್ಳುತ್ತದೆ! ಬಿದಿರಿನ ಸೀಳುಗಳನ್ನು ಜಡೆಯಂತೆ ಹುರಿಗೊಳಿಸಿ ಸುತ್ತ ಬಿಗಿಯಿರಿ, ಇಲ್ಲವೇ ಕಬ್ಬಿಣದ ಪಟ್ಟಿ ಹಾಕಿಸಿ. ನೆತ್ತಿಬಳೆಗೆ ನಾನು ಸೂಚಿಸುವುದು ಹಳೆಯ ಬಂಡಿಗಾಲಿಯನ್ನು. ರಬ್ಬರು ಟೈರಿನ ಬಂಡಿಗಳು ಬಂದ ಮೇಲೆ ಹಿತ್ತಿಲಿನಲ್ಲಿ ಬಿದ್ದಿರುವ ಮರದ ಗಾಲಿಗೆ ಕಬ್ಬಿಣದ ಪಟ್ಟಿಯ ಕಾಪೂ ಉಂಟು, ಸುತ್ತಲಿನ ಒತ್ತಡವನ್ನು ತಾಳುವ ಶಕ್ತಿಯೂ ಉಂಟು. ತೂಕ ಹೆಚ್ಚಾದ್ದರಿಂದ ಕೆಳಗೆ ಎರಡು ಕಂಬಗಳ ಆಸರೆ ಕೊಡಿ, ಮಂಗೋಲರೂ ಕೊಡುತ್ತಾರೆ. ಗಾಲಿಯ ಕಿಂಡಿಯ ಮೇಲೆ ಒಂದಡಿ ಎತ್ತರಿಸಿ ಪುಟ್ಟ ಕೊಡೆಯಂಥ ಮುಚ್ಚಳ. ನಮ್ಮ ಮಾಳಿಗೆ ಮನೆಗಳ ಗವಾಕ್ಷಿ ಮಾಡುತ್ತಿದ್ದ ಕೆಲಸವನ್ನೇ ಇದೂ ಮಾಡುತ್ತದೆ.

ಉಳಿದದ್ದು ಹೊದಿಕೆ, ನಮ್ಮ ಕಂಬಳಿಯ ಸರದಿ. ದಖ್ಖನಿ ಕುರಿಯ ಉಣ್ಣೆ ಒರಟು. ಗಿರಣಿಯವರಿಗೆ ಅದು ಬೇಡ. ವರ್ಷಕ್ಕೆ ಎರಡು ಬಾರಿ ಉಣ್ಣೆ ಕತ್ತರಿಸಿದ ಕುರಿಗಾಹಿ ಅದಕ್ಕೆ ಗಿರಾಕಿ ಸಿಗದೆ ಚೆಲ್ಲಿಬರುವ ಸಂದರ್ಭಗಳುಂಟು. ಮೈಗೆ ಚುಚ್ಚುವ ಆ ಒರಟುತನ ಮಾಡಿಗೆ ದೋಷವೇ ಅಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದು. ಬೆಂಕಿ ತಗುಲಿದರೆ ಹತ್ತಿಯಂತೆ ಭಗ್ಗನೆ ಉರಿಯದೆ ಕರಿಕಾಗಿ ಆರುತ್ತದೆ. ಹುಣಸೆಬೀಜದ ಗಂಜಿ ಉಣಿಸಿದ ಕಂಬಳಿಯ ಕೊಪ್ಪೆ ಹೊದ್ದು ಜಡಿಮಳೆಯಲ್ಲಿ ಕುರಿ ಕಾಯುವವರನ್ನು ನೀವು ಕಂಡೇ ಇದ್ದೀರಿ. ಆದರೂ ಕಂಬಳಿಯನ್ನು ಎಲ್ಲಕ್ಕೂ ಮೇಲೆ ಹಾಕಬೇಡಿ. ಬಿಸಿಲು ಅದನ್ನು ತಿನ್ನುತ್ತದೆ. ಗಳುಗಳ ಮೇಲೆ ಬಿದಿರು ಚಾಪೆ, ಅದರ ಮೇಲೆ ಕಂಬಳಿ, ನಡುವೆ ಬೆರಳಗಲ ಗಾಳಿ ಆಡುವಂತೆ ದಬ್ಬೆ, ಎಲ್ಲಕ್ಕೂ ಮೇಲೆ ಬೆಟ್ಟದ ಹುಲ್ಲು ಅಥವಾ ಕಂಪ್ಲಿಯ ಕಬ್ಬಿನ ರವದಿ. ಮಾಡು ಚೆನ್ನಾಗಿ ಇಳಿಜಾರಾಗಿರಲಿ, ಸೂರು ಗೋಡೆಯಿಂದ ಎರಡಡಿ ಮುಂದೆ ಬರಲಿ. ಹತ್ತೊಂಬತ್ತಡಿ ಅಡ್ಡಗಲದ ಮನೆಗೆ, ಎಂಟಡಿ ಉದ್ದ ನಾಲ್ಕಡಿ ಅಗಲದ ಕಂಬಳಿಗಳಾದರೆ ಹದಿನೈದು ಬೇಕಾದಾವು. ಹಾಸುವ ಮೊದಲು ಅಂಟುವಾಳದ ನೀರಿನಲ್ಲಿ ತೊಳೆದು, ಬೊರಾಕ್ಸಿನ ತೆಳುದ್ರಾವಣ ಚಿಮುಕಿಸಿ ಒಣಗಿಸಿದರೆ ನುಸಿಯ ಕಾಟ ತಗ್ಗುತ್ತದೆ.

ರೇಡಿಯೋ ಪ್ರಿಯರಿಗೆ ಒಂದು ಕಿವಿಮಾತು. ದುಂಡು ಗೋಡೆಯ ಕೋಣೆಯಲ್ಲಿ ಶಬ್ದ ಮರುದನಿಗೊಟ್ಟು ನಡುವಿಗೆ ಬಂದು ಗುಂಯ್ಗುಡುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿ ನೋಡಿದವರಿಗೆ ಇದು ಗೊತ್ತು. ಗೋಡೆಗೆ ಒಂದೆರಡು ಕಂಬಳಿ ತೂಗುಹಾಕಿ; ವಾರ್ತೆ ಸ್ಪಷ್ಟವಾಗಿ ಕೇಳುತ್ತದೆ.

ಕೊರತೆಗಳನ್ನು ಮುಚ್ಚಿಡಬಾರದು. ರವದಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಲೇಪವನ್ನು ವರ್ಷಕ್ಕೊಮ್ಮೆ ಸವರಬೇಕು. ಅಡುಗೆಮನೆ ಈ ಮಾಡಿನ ಕೆಳಗೆ ಸರ್ವಥಾ ಬೇಡ, ಬೇರೆಯೇ ಇರಲಿ. ಸರಕಾರಿ ಅನುಮತಿಯ ವಿಷಯದಲ್ಲಿ, ‘ಗುಡಿಸಲಿಗೇಕೆ ಪರವಾನಿಗಿ’ ಎಂಬ ಉದಾಸೀನ ಬೇಡ; ಹಂಪಿಯ ಎದುರುದಂಡೆಯ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರಿಗಾಗಿ ಎದ್ದಿದ್ದ ಅನಧಿಕೃತ ವಸತಿಗಳನ್ನು, ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, ೨೦೨೦ರ ಮಾರ್ಚಿಯಲ್ಲಿ ಕೆಡವಲಾಯಿತು. ಮೊದಲು ಕಚೇರಿ, ಆಮೇಲೆ ಗುದ್ದಲಿ.

ಬಿಚ್ಚಿ ಒಯ್ಯಬಹುದಾದ ಮನೆಯ ಬೆಲೆ ಮರಿಯಮ್ಮನಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೧೯೫೩ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿನವರು ಬಂದು ನೆಲೆಸಿದ್ದು ಇಲ್ಲಿಯೇ. ಊರೂರಿಗೆ ಥಿಯೇಟರು ಹೂಡಿ ಕೀಳುತ್ತಿದ್ದ ನಾಟಕ ಕಂಪನಿಗಳೊಡನೆ ತಿರುಗಿದ ಕಲಾವಿದರ ಊರೂ ಇದೇ. ಇಂಥ ದುಂಡುಮನೆಯನ್ನು ಕಳಚಿದರೆ ಗಾಲಿ, ಗಳು, ಜಾಲರಿ, ಕಂಬಳಿಗಳು ಬಂಡಿಯೇರುತ್ತವೆ; ಮುದ್ದೆಯ ಗೋಡೆ ಹೊಲದ ಮಣ್ಣಾಗುತ್ತದೆ.

ಕಟ್ಟುವ ಮನಸ್ಸಿದ್ದರೆ ಕಾಲವನ್ನು ಹೀಗೆ ಹೊಂದಿಸಿಕೊಳ್ಳಿ. ಪುಷ್ಯಮಾಸದಲ್ಲಿ ಬಿದಿರು ಕಡಿಸಿ ನೀರಿಗೆ ಹಾಕಿ. ಅದು ನೆನೆಯುವಷ್ಟರಲ್ಲಿ ಕಲ್ಲಿನ ಪೀಠ ಮುಗಿಯಲಿ. ಮಾಘ ಫಾಲ್ಗುಣಗಳಲ್ಲಿ ಗೋಡೆ, ದಿನಕ್ಕೆ ಒಂದಡಿಗಿಂತ ಹೆಚ್ಚು ಏರಿಸಬೇಡಿ. ಚೈತ್ರದಲ್ಲಿ ಜಾಲರಿ ಮತ್ತು ಗಾಲಿ. ರೋಹಿಣಿ ಮಳೆಗೆ ಮುನ್ನ ಮಾಡಿನ ಹುಲ್ಲು ಹೊದಿಸಿ ಮುಗಿದಿರಬೇಕು. ಬಾಗಿಲು ಮೂಡಣಕ್ಕಿರಲಿ, ಮಳೆಗಾಲದ ಗಾಳಿ ಬೀಸುವುದು ಪಡುವಣದಿಂದ.