ತಪ್ಪಿದವನೇ ದಂಡ ತೆರುವ ಪಂದ್ಯ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕಣದಲ್ಲಿ ಹುಟ್ಟಿದ ಗಾದೆ. ರಾಯಚೂರು ಜಿಲ್ಲೆಯ ಬಳಗಾನೂರು, ಮಸ್ಕಿ, ಸಿಂಧನೂರುಗಳ ಎರೆನೆಲದಲ್ಲಿ ಜೋಳದ ರಾಶಿ ಮಾಡಿದ ಹಿರಿಯರು ಇದರ ಅರ್ಥವನ್ನು ಪುಸ್ತಕದಿಂದ ಕಲಿತವರಲ್ಲ. ಗಾಳಿಯ ದಿಕ್ಕನ್ನರಿತು ಮೊರವೆತ್ತಿದವನಿಗೆ ಕಾಳು ಒಂದೆಡೆ, ಹೊಟ್ಟು ಒಂದೆಡೆ. ಕಣ ಅವನದು, ಅವನೊಡನೆ ಪೈಪೋಟಿಗೆ ನಿಲ್ಲುವವರು ಅಲ್ಲಿ ಯಾರೂ ಇಲ್ಲ. ಆದರೆ ಅದೇ ಗಾಳಿಯನ್ನು ನಂಬಿ ಇಪ್ಪತ್ತು ಮಂದಿ ಏಕಕಾಲದಲ್ಲಿ, ಒಂದೇ ನೀರಿನ ಮೇಲೆ, ಒಂದೇ ಗುರಿಯತ್ತ ಧಾವಿಸಿದರೆ? ಯಾರು ಯಾರಿಗೆ ದಾರಿ ಬಿಡಬೇಕು? ಬಿಡದವನನ್ನು ಕೇಳುವವರು ಯಾರು? ಈ ಪ್ರಶ್ನೆಗಳಿಗೆ ದೊರೆತ ಒಂದು ಸೊಗಸಾದ ಉತ್ತರವೇ ಡಿಂಗಿ ಪಂದ್ಯದ ನಿಯಮಾವಳಿ.

ಡಿಂಗಿಯೆಂದರೆ ಒಬ್ಬರೋ ಇಬ್ಬರೋ ನಡೆಸುವ ಪುಟ್ಟ ಹಾಯಿದೋಣಿ. ತುಂಗಭದ್ರೆಯಲ್ಲಿಯೂ ಕೃಷ್ಣೆಯಲ್ಲಿಯೂ ತೇಲುವ ಹರಿಗೋಲನ್ನು ಕಂಡವರಿಗೆ ಇದು ಬೇರೆಯೇ ಜಾತಿಯೆನಿಸುತ್ತದೆ. ಹರಿಗೋಲಿಗೆ ಹಿಂದು ಮುಂದೆಂಬುದಿಲ್ಲ; ಹುಟ್ಟು ಹಾಕುವವನ ತೋಳೇ ಅದರ ಬಲ. ಡಿಂಗಿಗಾದರೋ ಚೂಪಾದ ಮೂತಿ, ಹಿಂದೆ ಚುಕ್ಕಾಣಿ, ನಡುವೆ ನೀರಿಗಿಳಿಯುವ ಹಲಗೆ, ಮೇಲೆ ಹಾಯಿ. ಗಾಳಿಗೆ ದೋಣಿ ವಾಲಿದಾಗ ನಾವಿಕನು ಅಂಚಿನಿಂದಾಚೆಗೆ ಮೈಚಾಚಿ ತನ್ನ ತೂಕದಿಂದಲೇ ಅದನ್ನು ನೆಟ್ಟಗೆ ನಿಲ್ಲಿಸಬೇಕು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಮಕ್ಕಳಿಗಾಗಿ ರೂಪಿಸಿದ ‘ಆಪ್ಟಿಮಿಸ್ಟ್’ ಡಿಂಗಿಯ ಉದ್ದ ಕೇವಲ 2.3 ಮೀಟರು, ಒಡಲಿನ ತೂಕ 35 ಕಿಲೋ. ಹದಿನೈದು ವರ್ಷದವರೆಗಿನ ಮಕ್ಕಳು ಇಂದಿಗೂ ಜಗತ್ತಿನಾದ್ಯಂತ ಅದರಲ್ಲಿಯೇ ಪಂದ್ಯವಾಡುತ್ತಾರೆ.

ಕನ್ನಡ ನಾಡಿಗೆ ಈ ಆಟ ಅಪರಿಚಿತವೇನಲ್ಲ. ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ನೆಲೆಸಿರುವ ಮದರಾಸು ಇಂಜಿನಿಯರ್ ಗ್ರೂಪಿನ ಯೋಧರು ಆ ಕೆರೆಯಲ್ಲಿ ಹಾಯಿ ಬಿಚ್ಚಿ ಅಭ್ಯಾಸ ಮಾಡಿದವರು. ಅವರ ತೃಷ್ಣಾ ಸೇಲಿಂಗ್ ಕ್ಲಬ್ಬಿನ ಆಶ್ರಯದಲ್ಲಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಷ್ಟ್ರಮಟ್ಟದ ಪಂದ್ಯಗಳೂ ನಡೆದಿವೆ. ‘ತೃಷ್ಣಾ’ ಎಂಬುದು ಸೇನೆಯ ಇಂಜಿನಿಯರುಗಳ ದಳದವರು 1985ರಿಂದ 1987ರವರೆಗೆ ಭೂಪ್ರದಕ್ಷಿಣೆ ಮಾಡಿದ ಹಾಯಿನೌಕೆಯ ಹೆಸರು. ಮುಂಗಾರಿನಲ್ಲಿ ಕಾವೇರಿ ತುಂಬಿ, ಪಡುವಣ ಗಾಳಿ ಬೀಸತೊಡಗಿತೆಂದರೆ, ಕನ್ನಂಬಾಡಿಯ ಆ ವಿಶಾಲ ಜಲರಾಶಿ ಹಾಯಿದೋಣಿಗೆ ಹೇಳಿ ಮಾಡಿಸಿದ ಅಂಗಳ.

ಎಡಗಾಳಿ, ಬಲಗಾಳಿ

ಹಾಯಿದೋಣಿ ಗಾಳಿಗೆ ನೇರವಾಗಿ ಎದುರು ಹೋಗಲಾರದು. ಕಡಿದಾದ ಗುಡ್ಡವನ್ನು ಬಂಡಿ ಸುತ್ತಿ ಬಳಸಿ ಏರುವಂತೆ, ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಿ ಮೇಲೇರಬೇಕು. ಇಪ್ಪತ್ತು ದೋಣಿಗಳು ಹೀಗೆ ಅಡ್ಡಡ್ಡಲಾಗಿ ಚಲಿಸುವಾಗ ಒಂದಕ್ಕೊಂದು ಎದುರಾಗುವುದು ಅನಿವಾರ್ಯ. ಅದಕ್ಕೆಂದೇ ಮೊದಲ ಕಟ್ಟಳೆ: ಎಡಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿಯು ಬಲಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡತಕ್ಕದ್ದು. ಹಕ್ಕುಳ್ಳವನು ದೂರದಿಂದಲೇ ‘ಸ್ಟಾರ್‌ಬೋರ್ಡ್!’ ಎಂದು ಕೂಗಿ ಎಚ್ಚರಿಸುವುದು ವಾಡಿಕೆ.

ಎರಡನೆಯ ಕಟ್ಟಳೆ ಇನ್ನೂ ಸ್ವಾರಸ್ಯವಾದುದು. ಎರಡು ದೋಣಿಗಳು ಒಂದೇ ಬದಿಯ ಗಾಳಿಯಲ್ಲಿ ಪಕ್ಕಪಕ್ಕದಲ್ಲಿ ಸಾಗುತ್ತಿದ್ದರೆ, ಗಾಳಿ ಬರುವ ಕಡೆಯಲ್ಲಿರುವ ಮೇಲಿನ ದೋಣಿಯೇ ಕೆಳಗಿನ ದೋಣಿಗೆ ದಾರಿ ಬಿಡಬೇಕು. ಮೇಲಿನವನಿಗೆ ಹೊಸ ಗಾಳಿ ಮೊದಲು ದೊರೆಯುತ್ತದೆ. ಕೆಳಗಿನವನ ಪಾಲಿಗೆ ಎಷ್ಟೋ ಸಲ ಮೇಲಿನವನ ಹಾಯಿಯ ಮರೆಯಷ್ಟೇ ಉಳಿಯುತ್ತದೆ. ಎದುರಾಳಿಯ ಗಾಳಿಗೆ ಹೀಗೆ ಮರೆಯಾಗುವುದು ತಪ್ಪಲ್ಲ. ಅದು ಆಟದ ಜಾಣ್ಮೆ. ಆದರೆ ಗಾಳಿ ಪಡೆದವನಿಗೆ ದಾರಿಯ ಹಕ್ಕು ಸಲ್ಲದು. ಅನುಕೂಲ ಮೇಲಿನವನಿಗೆ, ಹಕ್ಕು ಕೆಳಗಿನವನಿಗೆ!

ಹಿಂದಿನಿಂದ ಬರುವವನು ಮುಂದಿನವನಿಂದ ದೂರವಿರಬೇಕೆಂಬುದು ಮೂರನೆಯದು. ಪಂದ್ಯದ ಹಾದಿಯನ್ನು ಸೂಚಿಸುವ ತೇಲುಗುರುತಿನ ಬಳಿ ದೋಣಿಗಳೆಲ್ಲ ಒತ್ತೊತ್ತಾಗಿ ಸೇರುವುದರಿಂದ ಅಲ್ಲಿಗೆ ಬೇರೆ ವಿಧಿಯಿದೆ. ಗುರುತಿನಿಂದ ಮೂರು ದೋಣಿಯುದ್ದದ ವಲಯವನ್ನು ಮೊದಲ ದೋಣಿ ಮುಟ್ಟುವ ಹೊತ್ತಿಗೆ ಯಾವ ದೋಣಿಯು ಪಕ್ಕದಲ್ಲಿ, ಒಳಬದಿಯಲ್ಲಿದೆಯೋ, ಅದಕ್ಕೆ ಸುತ್ತಿ ಹೋಗಲು ಹೊರಗಿನವನು ಎಡೆ ಕೊಡಬೇಕು.

ಹಕ್ಕಿದೆಯೆಂದು ಹಕ್ಕುಳ್ಳವನು ಮೈಮೇಲೆ ಬೀಳುವಂತಿಲ್ಲ. ತಾನು ದಿಕ್ಕು ಬದಲಿಸುವಾಗ ಎದುರಿನವನಿಗೆ ತಪ್ಪಿಸಿಕೊಳ್ಳಲು ಅವಕಾಶ ಕೊಡಬೇಕು. ಎದುರಿನವನು ದಾರಿ ಬಿಡುತ್ತಿಲ್ಲವೆಂದು ಸ್ಪಷ್ಟವಾದ ಮೇಲೆ, ಸಾಧ್ಯವಿದ್ದಷ್ಟೂ ಡಿಕ್ಕಿಯನ್ನು ತಪ್ಪಿಸುವುದು ಇವನ ಕರ್ತವ್ಯವೂ ಹೌದು. ಹಕ್ಕು ಬೇರೆ, ಹಟ ಬೇರೆ.

ಸೀಟಿ ಊದುವವರಿಲ್ಲ

ಫುಟ್‌ಬಾಲಿಗೆ ರೆಫರಿಯುಂಟು, ಕ್ರಿಕೆಟ್ಟಿಗೆ ಅಂಪೈರುಂಟು, ಕಬಡ್ಡಿಗೆ ಸೀಟಿಯುಂಟು. ದೋಣಿಗಳ ದೊಡ್ಡ ಗುಂಪು ಸ್ಪರ್ಧಿಸುವ ಸಾಮಾನ್ಯ ಡಿಂಗಿ ಪಂದ್ಯದಲ್ಲಿ ದಾರಿಯ ತಪ್ಪನ್ನು ಹಿಡಿದು ಆಟ ನಿಲ್ಲಿಸುವವರು ಯಾರೂ ಇಲ್ಲ. ಗಾಳಿಯ ಬದಲು ಮೈಕಸುವಿನಿಂದ ದೋಣಿಯನ್ನು ಕುಲುಕಿ, ಹಾಯಿಯನ್ನು ಬೀಸಿ ಮುಂದೊತ್ತುವ ಮೋಸವನ್ನು ಪತ್ತೆಹಚ್ಚಲು ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರರು ನೀರಿಗಿಳಿಯುವುದುಂಟು. ಉಳಿದಂತೆ ನಿಯಮ ಕಾಯುವವರು ಸ್ಪರ್ಧಿಗಳೇ.

ತಪ್ಪು ಮಾಡಿದವನು ಒಡನೆಯೇ ಇತರರಿಂದ ದೂರ ಸರಿದು, ತನ್ನ ದೋಣಿಯನ್ನು ಒಂದೇ ದಿಕ್ಕಿನಲ್ಲಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ತೇಲುಗುರುತನ್ನು ತಾಕಿದ್ದರೆ ಒಂದು ಸುತ್ತು. ಆ ಸುತ್ತು ಮುಗಿಯುವಷ್ಟರಲ್ಲಿ ನಾಲ್ಕಾರು ದೋಣಿಗಳು ಮುಂದೆ ಹೋಗಿರುತ್ತವೆ, ಅದೇ ದಂಡ. ತನ್ನ ತಪ್ಪಿನಿಂದ ಯಾರಿಗಾದರೂ ಗಾಯವಾಗಿದ್ದರೆ, ದೊಡ್ಡ ಹಾನಿಯಾಗಿದ್ದರೆ, ಅಥವಾ ದಂಡ ತೆತ್ತ ಮೇಲೂ ತನಗೆ ದೊಡ್ಡ ಲಾಭವೇ ಉಳಿಯುವಂತಿದ್ದರೆ, ಸುತ್ತು ಸಾಲದು. ಪಂದ್ಯವನ್ನೇ ಬಿಟ್ಟು ಹೊರನಡೆಯಬೇಕು. ಗುರುತನ್ನು ಹಾಯಿಯ ಅಂಚು ಸವರಿದ್ದು ನಾವಿಕನಿಗೆ ಮಾತ್ರ ತಿಳಿದಿರಬಹುದು. ಆಗ ಅವನನ್ನು ಸುತ್ತಿಸುವುದು ಅವನ ಮನಸ್ಸಾಕ್ಷಿಯಲ್ಲದೆ ಮತ್ತೇನು?

ತಾನು ತಪ್ಪಿಲ್ಲವೆಂದು ಅವನು ವಾದಿಸಿದರೆ, ನೊಂದವನು ಅಲ್ಲಿಯೇ ‘ಪ್ರೊಟೆಸ್ಟ್’ ಎಂದು ಕೂಗಿ ಆಕ್ಷೇಪ ಹೂಡುತ್ತಾನೆ. ಪಂದ್ಯ ಮುಗಿದ ಮೇಲೆ ದಡದಲ್ಲಿ ವಿಚಾರಣೆ. ಎರಡೂ ಕಡೆಯ ಮಾತು, ಸಾಕ್ಷಿಗಳ ಹೇಳಿಕೆ, ಬಳಿಕ ತೀರ್ಪು. ನೀರಿನ ಮೇಲೆ ಬೈಗುಳಕ್ಕೆ ಎಡೆಯಿಲ್ಲ. ಗುರಿ ಮುಟ್ಟಿದವನು ಇನ್ನೂ ಸ್ಪರ್ಧೆಯಲ್ಲಿರುವವರ ದಾರಿಗೆ ಅಡ್ಡ ಬರಕೂಡದು. ಆರಂಭದ ಗೆರೆಯನ್ನು ಹೊತ್ತಿಗೆ ಮುನ್ನವೇ ದಾಟಿದವನು ಹಿಂದಿರುಗಿ ಬರುವಾಗ ಉಳಿದವರೆಲ್ಲರಿಗೂ ದಾರಿ ಬಿಡಬೇಕು.

ಪದಕಕ್ಕಿಂತ ಮೇಲು

ಈ ನಿಯಮಾವಳಿಯ ಮೊಟ್ಟಮೊದಲ ನಿಯಮ ಗೆಲುವಿಗೂ ದಾರಿಗೂ ಸಂಬಂಧಿಸಿದ್ದಲ್ಲ. ಅಪಾಯದಲ್ಲಿರುವವರಿಗೆ ಕೈಲಾದ ಎಲ್ಲ ನೆರವನ್ನೂ ನೀಡತಕ್ಕದ್ದೆಂಬುದೇ ಅದು. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ, ದಕ್ಷಿಣ ಕೊರಿಯದ ಪೂಸಾನ್ ಕಡಲಿನಲ್ಲಿ ಆ ನಿಯಮದ ಪರೀಕ್ಷೆಯಾಯಿತು. ಕೆನಡಾದ ಲಾರೆನ್ಸ್ ಲೆಮ್ಯೂ ‘ಫಿನ್’ ವರ್ಗದ ಐದನೆಯ ಪಂದ್ಯದಲ್ಲಿ ಎರಡನೆಯ ಸ್ಥಾನದಲ್ಲಿದ್ದ. ಬಿರುಗಾಳಿ, ಆಳೆತ್ತರದ ಅಲೆ. ಬೇರೆ ವರ್ಗದ ಪಂದ್ಯದಲ್ಲಿದ್ದ ಸಿಂಗಪುರದ ದೋಣಿಯೊಂದು ಮಗುಚಿ, ಇಬ್ಬರು ನಾವಿಕರು ನೀರು ಪಾಲಾಗಿದ್ದರು. ಅವರು ಅವನ ದೇಶದವರಲ್ಲ, ಅವನ ಪಂದ್ಯದವರೂ ಅಲ್ಲ. ಆದರೂ ಲೆಮ್ಯೂ ದಾರಿ ತೊರೆದು ಅವರತ್ತ ದೋಣಿ ತಿರುಗಿಸಿದ. ಇಬ್ಬರನ್ನೂ ಕಾಪಾಡಿ, ರಕ್ಷಣಾ ದೋಣಿ ಬರುವವರೆಗೆ ಕಾದು, ಅನಂತರವೇ ಪಂದ್ಯ ಮುಂದುವರಿಸಿದ. ಗುರಿ ಮುಟ್ಟಿದಾಗ ಅವನ ಸ್ಥಾನ ಇಪ್ಪತ್ತೆರಡು. ತೀರ್ಪುಗಾರರು ಆ ಪಂದ್ಯದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಮರಳಿ ಕೊಟ್ಟರು. ಕೂಟದ ಕೊನೆಗೆ ಅವನು ಹನ್ನೊಂದನೆಯವನಾದ, ಪದಕ ಗೆಲ್ಲಲಿಲ್ಲ. ಕ್ರೀಡಾಧರ್ಮಕ್ಕಾಗಿ ಸಲ್ಲುವ ಪಿಯೇರ್ ದ ಕೂಬರ್ತೇನ್ ಪದಕ ಅವನನ್ನು ಅರಸಿ ಬಂದಿತು.

ಕಾಲುವೆಯ ದಂಡೆಯಲ್ಲಿ

ಬಳಗಾನೂರಿನ ಸೀಮೆಯಲ್ಲಿ ಹಾಯಿದೋಣಿಗಳಿಲ್ಲ. ಆದರೆ ಡಿಂಗಿಯ ಎರಡನೆಯ ಕಟ್ಟಳೆಯನ್ನು ಅಲ್ಲಿನ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ 227 ಕಿಲೋಮೀಟರು ಹರಿದು ಸಿಂಧನೂರಿನ ಬಯಲಿಗೆ ಭತ್ತದ ಹಸುರನ್ನು ತಂದಿತು. ಅದರೊಡನೆ ಮೇಲ್ಭಾಗ, ಕೊನೆಯ ಭಾಗ ಎಂಬ ಎರಡು ಮಾತುಗಳೂ ಬಂದವು. ನೀರು ಮೊದಲು ಮುಟ್ಟುವುದು ಮೇಲಿನವನ ಗದ್ದೆಯನ್ನು. ಮೇಲಿನವನು ಮಿತಿಮೀರಿ ತಿರುಗಿಸಿಕೊಂಡರೆ ಕೊನೆಯವನ ಹೊಲದಲ್ಲಿ ಪೈರು ಬಾಡುತ್ತದೆ. ಎಷ್ಟು ಮಂದಿ ನೀರುಗಂಟಿಗಳನ್ನು ನೇಮಿಸಿದರೂ ರಾತ್ರಿಯ ಹೊತ್ತು ಪ್ರತಿಯೊಂದು ತೂಬಿನ ಬಳಿಯೂ ಒಬ್ಬೊಬ್ಬರನ್ನು ನಿಲ್ಲಿಸಲು ಸಾಧ್ಯವೇ?

ಗಾಳಿಯನ್ನು ಮೊದಲು ಪಡೆದವನು ಕೆಳಗಿನವನಿಗೆ ದಾರಿ ಬಿಡಬೇಕು. ತಪ್ಪಿದರೆ ಯಾರೂ ಹೇಳದೆಯೇ ಎರಡು ಸುತ್ತು ಸುತ್ತಬೇಕು. ಕನ್ನಂಬಾಡಿಯ ಹಿನ್ನೀರಿನಲ್ಲಿ ಹತ್ತು ವರ್ಷದ ಮಗು ತನ್ನ ಪುಟ್ಟ ಆಪ್ಟಿಮಿಸ್ಟಿನಲ್ಲಿ ಕಲಿಯುವ ಈ ಪಾಠಕ್ಕೆ ಕಾಲುವೆಯ ದಂಡೆಯಲ್ಲಿಯೂ ಕೆಲಸವಿದೆ.