ದಿರ್ಹಮ್ ಏರಿತೇ, ರೂಪಾಯಿ ಇಳಿಯಿತೇ?

“ಈಗ ರೇಟ್ ಎಷ್ಟಿದೆ?” ಭಟ್ಕಳ, ಉಡುಪಿ, ಮಂಗಳೂರು ಕಡೆಯ ಮನೆಗಳಿಂದ ಗಲ್ಫಿಗೆ ಹೋಗುವ ಫೋನ್ ಕರೆಗಳಲ್ಲಿ ಕ್ಷೇಮ ಸಮಾಚಾರದ ನಂತರ ಬರುವ ಪ್ರಶ್ನೆ ಇದು. ರೇಟ್ ಏರಿದೆ ಎಂದರೆ ಮನೆಯವರಿಗೆ ಖುಷಿ. ಮಗನ ಅಥವಾ ಗಂಡನ ಸಂಪಾದನೆ ಹೆಚ್ಚಾಯಿತೆಂದೇ ಲೆಕ್ಕ. ಆದರೆ ನಿಜವಾಗಿಯೂ ಹೆಚ್ಚಾಯಿತೇ? ದಿರ್ಹಮ್ ಮತ್ತು ರೂಪಾಯಿಯ ಹಳೆಯ ಸಂಬಂಧವನ್ನು ಒಮ್ಮೆ ನೋಡಿದರೆ ಉತ್ತರ ಬೇರೆಯೇ ಸಿಗುತ್ತದೆ.

ನಮ್ಮ ರೂಪಾಯಿಯೇ ಅಲ್ಲಿನ ನಾಣ್ಯ

ಒಂದು ಕಾಲದಲ್ಲಿ ದುಬೈ, ಕತಾರ್, ಬಹರೈನ್, ಕುವೈತ್‌ಗಳ ಪೇಟೆಗಳಲ್ಲಿ ನಡೆಯುತ್ತಿದ್ದುದು ಭಾರತದ ರೂಪಾಯಿಯೇ. ಮುತ್ತಿನ ವ್ಯಾಪಾರಿಗಳೂ ಹಡಗಿನವರೂ ಅದರಲ್ಲೇ ವ್ಯವಹರಿಸುತ್ತಿದ್ದರು. ಆಗ ವಿನಿಮಯ ದರದ ಮಾತೇ ಇರಲಿಲ್ಲ. ಆದರೆ ಗಲ್ಫಿನಿಂದ ಭಾರತಕ್ಕೆ ಚಿನ್ನದ ಕಳ್ಳಸಾಗಣೆ ಹೆಚ್ಚಿತು. ಆ ಚಿನ್ನಕ್ಕೆ ಕೊಟ್ಟ ರೂಪಾಯಿಗಳು ಗಲ್ಫಿಗೆ ಹೋಗಿ, ಅಲ್ಲಿನ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ಮರಳುತ್ತಿದ್ದವು. ಅವುಗಳ ಬದಲಿಗೆ ಭಾರತ ವಿದೇಶಿ ಹಣ ಕೊಡಬೇಕಾಗುತ್ತಿತ್ತು. ಇದನ್ನು ತಡೆಯಲು 1959ರಲ್ಲಿ ಗಲ್ಫಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಲಾಯಿತು. ಜನ ಅದನ್ನು ‘ಗಲ್ಫ್ ರೂಪಾಯಿ’ ಎಂದು ಕರೆದರು. ಅದೇ ಕಾಲದಲ್ಲಿ ಹಜ್ ಯಾತ್ರಿಕರಿಗಾಗಿ 10 ಮತ್ತು 100 ರೂಪಾಯಿಯ ಪ್ರತ್ಯೇಕ ಹಜ್ ನೋಟುಗಳೂ ಬಂದವು.

ಗಲ್ಫ್ ರೂಪಾಯಿಯ ಬೆಲೆ ನಮ್ಮ ರೂಪಾಯಿಯಷ್ಟೇ ಇತ್ತು. ತೊಂದರೆಯಾದದ್ದು ಅದರಿಂದಲೇ. 1966ರ ಜೂನ್ 6ರಂದು ಭಾರತ ಸರಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. 4 ರೂಪಾಯಿ 76 ಪೈಸೆ ಇದ್ದ ಡಾಲರ್ 7 ರೂಪಾಯಿ 50 ಪೈಸೆಯಾಯಿತು. ಗಲ್ಫಿನ ಜನ ಕೂಡಿಟ್ಟ ಹಣದ ಬೆಲೆಯೂ ಅದರೊಂದಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ತಮ್ಮದೇ ದಿನಾರ್ ತಂದಿದ್ದವು. ಈಗ ಕತಾರ್ ಮತ್ತು ದುಬೈ ಕೂಡ ರೂಪಾಯಿಯನ್ನು ಬಿಟ್ಟವು. ಸಂಯುಕ್ತ ಅರಬ್ ಒಕ್ಕೂಟ ಹುಟ್ಟಿದ ಬಳಿಕ, 1973ರಲ್ಲಿ, ದಿರ್ಹಮ್ ಚಲಾವಣೆಗೆ ಬಂತು. ಆಗ ಒಂದು ದಿರ್ಹಮಿಗೆ ಸುಮಾರು ಎರಡು ರೂಪಾಯಿ.

ಒಂದು ನಿಂತಿದೆ, ಇನ್ನೊಂದು ಇಳಿದಿದೆ

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ದಿರ್ಹಮನ್ನು ಡಾಲರಿಗೆ ಕಟ್ಟಿ ಹಾಕಲಾಗಿದೆ. 1980ರ ದಶಕದಿಂದಲೂ ಒಂದು ಡಾಲರಿಗೆ ಹೆಚ್ಚು ಕಡಿಮೆ 3.67 ದಿರ್ಹಮ್. 1997ರಿಂದ ಅದು 3.6725ರಲ್ಲೇ ಇದೆ. ಎಣ್ಣೆ ಮಾರಾಟವಾಗುವುದು ಡಾಲರಿನಲ್ಲಿ, ಆದ್ದರಿಂದ ಈ ವ್ಯವಸ್ಥೆ ಅವರಿಗೆ ಅನುಕೂಲ. ಎಣ್ಣೆಯನ್ನು ಕೊಳ್ಳುವ ಭಾರತ ಆ ಡಾಲರನ್ನು ಹೊಂದಿಸಬೇಕು.

1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಎಣ್ಣೆಯ ಬೆಲೆ ಏರಿತು. ಲಕ್ಷಕ್ಕೂ ಹೆಚ್ಚು ಭಾರತೀಯರು ಕೆಲಸ ಬಿಟ್ಟು ಮರಳಿದರು. ಭಾರತ ಸುಮಾರು 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಟ್ಟಿತು. 1991ರ ಜುಲೈ ಮೊದಲ ವಾರದಲ್ಲಿ ಎರಡು ಕಂತುಗಳಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಐದೂಮುಕ್ಕಾಲು ರೂಪಾಯಿಯ ಆಸುಪಾಸಿನಲ್ಲಿದ್ದ ದಿರ್ಹಮ್ ಏಳು ರೂಪಾಯಿಗೆ ಬಂತು. 2000ದಲ್ಲಿ ಅದು ಸುಮಾರು 12 ರೂಪಾಯಿ, 2013ರ ಆಗಸ್ಟ್ ಕೊನೆಯಲ್ಲಿ ಹದಿನೆಂಟೂವರೆ ದಾಟಿತು. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ಮೀರಿದಾಗ ದಿರ್ಹಮ್ 24 ರೂಪಾಯಿಯ ಮೇಲಿತ್ತು.

ಇಷ್ಟು ವರ್ಷಗಳಲ್ಲಿ ಡಾಲರಿನೆದುರು ದಿರ್ಹಮ್ ಒಂದು ಹೆಜ್ಜೆಯೂ ಏರಿಲ್ಲ. ಇಳಿದದ್ದು ನಮ್ಮ ರೂಪಾಯಿ.

ಹೆಚ್ಚಿದ್ದು ಸಂಬಳವಲ್ಲ

2000ದಲ್ಲಿ ತಿಂಗಳಿಗೆ ಸಾವಿರ ದಿರ್ಹಮ್ ಕಳುಹಿಸಿದವನ ಮನೆಗೆ ಸುಮಾರು 12 ಸಾವಿರ ರೂಪಾಯಿ ಬರುತ್ತಿತ್ತು. 2025ರ ಕೊನೆಯಲ್ಲಿ ಅದೇ ಸಾವಿರ ದಿರ್ಹಮಿಗೆ 24 ಸಾವಿರಕ್ಕೂ ಹೆಚ್ಚು. ಮೊತ್ತ ಇಮ್ಮಡಿಯಾಯಿತು, ನಿಜ. ಆದರೆ ಈ ನಡುವೆ ಅಕ್ಕಿ, ಮೀನು, ಶಾಲೆಯ ಶುಲ್ಕ, ಆಸ್ಪತ್ರೆಯ ಬಿಲ್ ಎಲ್ಲವೂ ಇಮ್ಮಡಿಗಿಂತ ಎಷ್ಟು ಮೇಲೆ ಹೋಗಿವೆ ಎಂಬುದು ಮನೆ ನಡೆಸುವ ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತು. ಚಿನ್ನದ ಮಾತಂತೂ ಹೇಳುವುದೇ ಬೇಡ.

ಅತ್ತ ದುಡಿಯುವವನ ಕಡೆಯಿಂದಲೂ ಯೋಚಿಸಬೇಕು. ಅವನ ಕೋಣೆಯ ಬಾಡಿಗೆ, ಊಟದ ಖರ್ಚು, ಔಷಧಿ ಎಲ್ಲವೂ ದಿರ್ಹಮಿನಲ್ಲಿ. ರೂಪಾಯಿ ಕುಸಿದರೆ ಅವನ ಕೈಗೆ ಒಂದು ದಿರ್ಹಮ್ ಕೂಡ ಹೆಚ್ಚಿಗೆ ಬರುವುದಿಲ್ಲ. “ರೇಟ್ ಏರಿದೆಯಲ್ಲ, ಈ ಸಲ ಸ್ವಲ್ಪ ಜಾಸ್ತಿ ಕಳುಹಿಸಿ” ಎಂದಾಗ ಅವನು ಕಡಿತ ಮಾಡುವುದು ತನ್ನ ಊಟದಲ್ಲಿ, ಊರಿಗೆ ಬರುವ ರಜೆಯಲ್ಲಿ.

ಮನೆಯಲ್ಲಿ ನೆನಪಿಡಬೇಕಾದದ್ದು

ರೇಟ್ ಯಾವಾಗಲೂ ಏರುತ್ತಲೇ ಇರುತ್ತದೆಂದು ನಂಬಿ ಸಾಲ ಮಾಡಬಾರದು. 2002ರಲ್ಲಿ 13 ರೂಪಾಯಿ ದಾಟಿದ್ದ ದಿರ್ಹಮ್ 2007ರ ಕೊನೆಗೆ 11ಕ್ಕಿಂತ ಕೆಳಗಿಳಿದಿತ್ತು. ಸಾವಿರ ದಿರ್ಹಮ್ ಬರುವ ಮನೆಗೆ ತಿಂಗಳಿಗೆ ಎರಡು ಸಾವಿರಕ್ಕಿಂತ ಹೆಚ್ಚು ಖೋತಾ.

ರೇಟಿಗಾಗಿ ಕಾಯುವುದರಲ್ಲೂ ಲೆಕ್ಕವಿರಲಿ. ಹತ್ತು ಪೈಸೆ ಏರಿದರೆ ಸಾವಿರ ದಿರ್ಹಮಿಗೆ ಸಿಗುವುದು ನೂರು ರೂಪಾಯಿ. ಆ ಒಂದು ತಿಂಗಳು ಮನೆಯಲ್ಲಿ ಒಡವೆ ಅಡವಿಟ್ಟು 24 ಸಾವಿರ ತಂದರೆ, ವರ್ಷಕ್ಕೆ ಶೇ. 12ರಂತೆ ಬಡ್ಡಿಯೇ 240 ರೂಪಾಯಿ! ಬಡ್ಡಿಯ ಪಾಪ ಬೇರೆ. ಪತ್ರಿಕೆಯಲ್ಲಿ ಬರುವ ದರವೇ ಕೈಗೆ ಸಿಗುವುದಿಲ್ಲ. ಎಕ್ಸ್‌ಚೇಂಜಿನವರು ತಮ್ಮ ಲಾಭವನ್ನೂ ಶುಲ್ಕವನ್ನೂ ಕಳೆಯುತ್ತಾರೆ. ಆದ್ದರಿಂದ ಕೊನೆಗೆ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆಂಬುದನ್ನೇ ಹೋಲಿಸಿ ನೋಡುವುದು ಜಾಣತನ. ಹೆಚ್ಚು ಕೊಡುತ್ತೇವೆಂದು ಕರೆಯುವ ಹವಾಲಾ ದಾರಿ ಕಾನೂನಿಗೆ ವಿರುದ್ಧ. ಹಣ ಮುಳುಗಿದರೆ ಕೇಳುವವರಿಲ್ಲ.

ರೇಟ್ ಏರಿದ ತಿಂಗಳು ಬರುವ ಹೆಚ್ಚುವರಿ ಹಣ ಹೊಸ ಖರ್ಚಿಗಲ್ಲ, ಹಳೆಯ ಸಾಲ ತೀರಿಸಲು ಒಳ್ಳೆಯದು. ಸಾಲವಿಲ್ಲದಿದ್ದರೆ ಅವರು ಊರಿಗೆ ಮರಳುವ ದಿನಕ್ಕಾಗಿ ತೆಗೆದಿಡಬಹುದು. ಅಂದಿನಿಂದ ಮನೆಗೆ ಯಾವ ರೇಟಿನಲ್ಲೂ ದಿರ್ಹಮ್ ಬರುವುದಿಲ್ಲವಲ್ಲ!