ತೆಪ್ಪ ಹತ್ತುವ ಮುನ್ನ ಕ್ಯೂಸೆಕ್ ಲೆಕ್ಕ

ಜುಲೈ ತಿಂಗಳಲ್ಲಿ ಬಂಡಳ್ಳಿಯ ಆಕಾಶ ನೋಡಿ ಹೊಗೇನಕಲ್‌ನಲ್ಲಿ ಕಾವೇರಿ ಹೇಗೆ ಹರಿಯುತ್ತಿದೆ ಎಂದು ಹೇಳಲಾಗದು. ಹನೂರು, ಕೊಳ್ಳೇಗಾಲದ ಈ ಒಣ ಸೀಮೆಗೆ ಮುಂಗಾರಿನ ಬಿರುಸು ಮುಟ್ಟುವುದು ಕಡಿಮೆ. ಇಲ್ಲಿನ ಹೊಲಗಳು ಚೆನ್ನಾಗಿ ನೆನೆಯುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಆದರೆ ಕೊಡಗು, ವಯನಾಡಿನಲ್ಲಿ ಸುರಿದ ಮಳೆ ಕೆಆರ್‌ಎಸ್, ಕಬಿನಿಗಳನ್ನು ತುಂಬಿಸಿ, ತಿರುಮಕೂಡಲಿನಲ್ಲಿ ಒಂದಾಗಿ, ಶಿವನಸಮುದ್ರದಲ್ಲಿ ಧುಮುಕಿ, ಮಲೆ ಮಹದೇಶ್ವರ ಬೆಟ್ಟದ ಆಚೆ ಗೋಪಿನಾಥಂ ದಾಟಿದರೆ ಸಿಗುವ ಹೊಗೇನಕಲ್ ಕಮರಿಗೆ ನುಗ್ಗುತ್ತದೆ. ತಲೆಯ ಮೇಲೆ ಬಿಸಿಲು, ಕಾಲ ಕೆಳಗೆ ಪ್ರವಾಹ. ಈ ಹೊತ್ತಿಗೇ ಆಡಿ ಹದಿನೆಂಟರ ಹಬ್ಬದ ಜನಜಂಗುಳಿ, ವಾರಾಂತ್ಯಕ್ಕೆ ಹೊರಟ ಗೆಳೆಯರ ಗುಂಪುಗಳು, ತೆಪ್ಪದಲ್ಲೊಂದು ಸುತ್ತು ಹೊಡೆಯುವ ಆಸೆ ಎಲ್ಲವೂ ಕೂಡಿಬರುತ್ತವೆ. ಇಂಥ ದಿನ ನೀರಿಗೆ ಇಳಿಯಬೇಕೋ ಬೇಡವೋ ಎಂಬುದನ್ನು ದಡದಲ್ಲಿ ನಿಂತು ತೀರ್ಮಾನಿಸಬಾರದು. ಮೊದಲೇ ಗೊತ್ತುಮಾಡಿದ ನೀರಿನ ಲೆಕ್ಕವೇ ಅದನ್ನು ತೀರ್ಮಾನಿಸಬೇಕು. ಆ ಲೆಕ್ಕ ಮೀರಿದ ದಿನ ‘ಇಲ್ಲ’ ಎಂದ ತೆಪ್ಪದವನ ಮನೆಯಲ್ಲಿ ಒಲೆ ಆರಬಾರದು. ಈ ಎರಡೂ ಒಟ್ಟಿಗೆ ಆಗದೆ ಯಾವ ನಿಷೇಧವೂ ನಿಲ್ಲುವುದಿಲ್ಲ.

ಮೊದಲೇ ಮಿತಿ ಗೊತ್ತುಮಾಡಿಕೊಳ್ಳುವ ಪಾಠವನ್ನು ಜಗತ್ತಿನ ಬೇರೆ ಮೂಲೆಯ ನಾವಿಕರು ಬಲು ದುಬಾರಿ ಬೆಲೆ ತೆತ್ತು ಕಲಿತಿದ್ದಾರೆ. ಕೆರಿಬಿಯನ್ ಸಮುದ್ರದಲ್ಲಿ ಗ್ರೆನಡಾದಿಂದ ಮಾರ್ಟಿನಿಕ್‌ವರೆಗೆ ದ್ವೀಪಗಳು ಸಾಲಾಗಿವೆ. ಗೆಳೆಯರು ಸೇರಿ ಹಾಯಿದೋಣಿ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗುವುದು ಅಲ್ಲಿ ದೊಡ್ಡ ಪ್ರವಾಸೋದ್ಯಮ. ದ್ವೀಪದ ಮರೆಯಲ್ಲಿ ನೀರು ಶಾಂತ. ಎರಡು ದ್ವೀಪಗಳ ನಡುವಿನ ತೆರೆದ ಕಡಲಿಗೆ ಬಂದೊಡನೆ ಅಟ್ಲಾಂಟಿಕ್‌ನ ಅಲೆ ಮತ್ತು ಗಾಳಿ ನೇರವಾಗಿ ಬಡಿಯುತ್ತವೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆ ತಿಂಗಳುಗಳಲ್ಲಿ ದೋಣಿ ಚಂಡಮಾರುತದ ವಲಯದ ಹೊರಗಿರಬೇಕು ಎಂದು ಎಷ್ಟೋ ವಿಮಾ ಕಂಪನಿಗಳು ಷರತ್ತು ಹಾಕುತ್ತವೆ. ಹೊರಡಬೇಕೆಂಬ ಹುರುಪನ್ನು ಅಲ್ಲಿ ತಡೆಯುವುದು ಕ್ಯಾಲೆಂಡರ್, ಹವಾಮಾನ ವರದಿ ಮತ್ತು ವಿಮೆಯ ಕಾಗದ. ಅಲ್ಲಿಯೂ ಅಪಾಯ ಹುಟ್ಟುವುದು ದೂರದಲ್ಲಿ. 2024ರ ಜುಲೈ 1ರಂದು ಗ್ರೆನಡಾಕ್ಕೆ ಸೇರಿದ ಕ್ಯಾರಿಯಾಕು ದ್ವೀಪವನ್ನು ನೆಲಸಮ ಮಾಡಿದ ಬೆರಿಲ್ ಚಂಡಮಾರುತ ರೂಪುಗೊಂಡದ್ದು ಪೂರ್ವಕ್ಕೆ ಬಹುದೂರದ ತೆರೆದ ಅಟ್ಲಾಂಟಿಕ್‌ನಲ್ಲಿ. ವರದಿ ಓದದವನಿಗೆ ಅಲ್ಲಿನ ತಿಳಿ ಆಕಾಶ ಹೇಗೆ ಮೋಸ ಮಾಡುತ್ತದೋ, ವಯನಾಡಿನ ಮಳೆಯ ಸುದ್ದಿ ಕೇಳದವನಿಗೆ ನಮ್ಮ ಸೀಮೆಯ ಬಿಸಿಲೂ ಹಾಗೆಯೇ ಮೋಸ ಮಾಡುತ್ತದೆ.

ಹಾಯಿದೋಣಿಗೂ ತೆಪ್ಪಕ್ಕೂ ಎಲ್ಲಿಯ ಹೋಲಿಕೆ ಎಂದು ಕೇಳಬಹುದು. ಹೋಲಿಸಿ ನೋಡಿದರೆ ತೆಪ್ಪದ ಪಾಡೇ ಹೆಚ್ಚು ನಾಜೂಕು. ಸಮುದ್ರಕ್ಕೆ ಹೋಗುವ ಹಾಯಿದೋಣಿಯ ಅಡಿಯಲ್ಲಿ ಸಾಮಾನ್ಯವಾಗಿ ಭಾರವಾದ ಲೋಹದ ರೆಕ್ಕೆಯಿರುತ್ತದೆ. ಗಾಳಿಗೆ ವಾಲಿದ ದೋಣಿಯನ್ನು ಆ ಭಾರವೇ ಮತ್ತೆ ಎತ್ತಿ ನಿಲ್ಲಿಸುತ್ತದೆ. ಗಾಳಿ ಏರಿದರೆ ಹಾಯಿಯನ್ನು ಕಿರಿದು ಮಾಡಬಹುದು. ಬಿದಿರಿನ ಹೆಣಿಗೆಗೆ ಹೊದಿಕೆ ಬಿಗಿದು ಮಾಡಿದ ತೆಪ್ಪಕ್ಕೆ ಅಂಥ ಭಾರವೂ ಇಲ್ಲ, ಮುಂದು ಹಿಂದು ಎಂಬುದೂ ಇಲ್ಲ. ಅದರ ಚಪ್ಪಟೆ ತಳ ಇಳಿನೀರಿನ ಕಲ್ಲುಗಳ ಮೇಲೆ ಜಾರಿಹೋಗಲು ಹೇಳಿಮಾಡಿಸಿದ್ದು. ಒಂದೇ ಹುಟ್ಟಿನಲ್ಲಿ ನುರಿತ ಕೈ ಅದನ್ನು ಎತ್ತ ಬೇಕಾದರೂ ತಿರುಗಿಸುತ್ತದೆ. ಬೇಸಿಗೆಯ ಹೊಳೆಗೆ ಇದಕ್ಕಿಂತ ಜಾಣ ವಾಹನವಿಲ್ಲ. ಆದರೆ ಹರಿವಿನ ವೇಗ ಎರಡು ಪಟ್ಟಾದರೆ ನೀರು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಹುಟ್ಟು ಹಾಕುವ ತೋಳಿನ ಬಲ ಮಾತ್ರ ಇದ್ದಷ್ಟೇ ಇರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಲಕ್ಷ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್. ಆ ನೀರು ಹೊಗೇನಕಲ್‌ನ ಇಕ್ಕಟ್ಟಾದ ಬಂಡೆಗಳ ನಡುವೆ ತೂರಿ ಹೋಗಬೇಕು. 2018ರ ಪ್ರವಾಹದಲ್ಲಿ ಶಿವನಸಮುದ್ರದ ಬಳಿ ಕಲ್ಲುಕಂಬಗಳ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. ಅದೇ ವರ್ಷ ಮತ್ತು ಮರುವರ್ಷ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದಂಥ ಹೊಳೆದಡದ ಊರುಗಳಿಗೆ ನೀರು ನುಗ್ಗಿ ಜನ ಮನೆ ಬಿಡಬೇಕಾಯಿತು. ಹತ್ತೊಂಬತ್ತನೆಯ ಶತಮಾನದಿಂದ ನಿಂತಿದ್ದ ಕಲ್ಲನ್ನು ಕೆಡವಿದ ಹೊಳೆಯ ಮುಂದೆ ಬಿದಿರು ಎಷ್ಟು ಹೊತ್ತು ತಡೆದೀತು?

ಇಷ್ಟು ಗೊತ್ತಿದ್ದೂ ಜನ ಏಕೆ ಇಳಿಯುತ್ತಾರೆ? ಅದಕ್ಕೆ ಧೈರ್ಯಕ್ಕಿಂತ ದೊಡ್ಡ ಕಾರಣ ಗುಂಪು ಮತ್ತು ರಜೆ. ಒಬ್ಬನೇ ಬಂದವನು ಹೊಳೆಯ ಸದ್ದು ಕೇಳಿ ಹಿಂದಿರುಗುತ್ತಾನೆ. ಎಂಟು ಜನ ಗೆಳೆಯರು ಬಂದಾಗ ಮೊದಲು ‘ಬೇಡ’ ಎಂದವನು ಪುಕ್ಕಲನಾಗುತ್ತಾನೆ. ಹಾಗಾಗಿ ಎಂಟೂ ಜನರಿಗೆ ಒಳಗೊಳಗೆ ಅಳುಕಿದ್ದರೂ ಎಂಟೂ ಜನ ಹತ್ತುತ್ತಾರೆ. ಇಷ್ಟು ದೂರ ಬಂದಾಯಿತು, ನಾಳೆ ಕೆಲಸಕ್ಕೆ ಹೋಗಬೇಕು, ಇನ್ನು ಯಾವಾಗ ಎಲ್ಲರೂ ಕೂಡುತ್ತೇವೋ ಎಂಬ ಮಾತು ಉಳಿದ ವಿವೇಕವನ್ನೂ ಅಡಗಿಸುತ್ತದೆ. ಕೆರಿಬಿಯನ್‌ನಲ್ಲಿ ಒಂದು ವಾರಕ್ಕೆ ದೋಣಿ ಹಿಡಿದವರಿಗೂ ಇದೇ ಒತ್ತಡ: ವಿಮಾನದ ಟಿಕೆಟ್ಟಿನ ದಿನಾಂಕ ಗಾಳಿಯನ್ನು ಕೇಳಿ ಬರೆದದ್ದಲ್ಲ. ಗುಂಪಿನ ಒತ್ತಡಕ್ಕೆ ಮಳೆಗಾಲವೇ ಬೇಕೆಂದೂ ಇಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ದೋಣಿಯಲ್ಲಿ ಅದು ಹೊರಬಹುದಾದದ್ದಕ್ಕಿಂತ ಹೆಚ್ಚು ಜನರಿದ್ದರು. ಎಲ್ಲರೂ ಹೊರಟಾಗ ‘ನೀವು ಇಳಿಯಿರಿ’ ಎನ್ನುವುದು ಎಷ್ಟು ಕಷ್ಟವೆಂಬುದಕ್ಕೆ ಕರ್ನಾಟಕದ ಕಡಲತೀರ ಕೊಟ್ಟ ಕಹಿ ಸಾಕ್ಷಿ ಅದು.

ಹೀಗೆ ಮಿತಿ ಹಾಕುವುದಕ್ಕೆ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ತನ್ನ ಜೀವದ ಅಪಾಯ ತನ್ನ ಹಕ್ಕು, ಸಾಹಸವಿಲ್ಲದ ಬದುಕು ಸಪ್ಪೆ ಎನ್ನುವವರಿದ್ದಾರೆ. ಸಾಹಸದ ಬಗ್ಗೆ ಅವರ ಮಾತು ನಿಜ. ಆದರೆ ತೆಪ್ಪದಲ್ಲಿ ಹುಟ್ಟು ಹಿಡಿದವನ ಜೀವವೂ ಇರುತ್ತದೆ, ಮುಳುಗಿದವರನ್ನು ಹುಡುಕಲು ಇಳಿಯುವ ಅಗ್ನಿಶಾಮಕ ಸಿಬ್ಬಂದಿಯ ಜೀವವೂ ಇರುತ್ತದೆ. ಲೈಫ್ ಜಾಕೆಟ್ ಇದೆಯಲ್ಲ ಎನ್ನುವವರಿದ್ದಾರೆ. ಜಾಕೆಟ್ ಕಡ್ಡಾಯವಾಗಿರಲೇಬೇಕು, ಅದು ತಲೆಯನ್ನು ನೀರಿನ ಮೇಲೆ ಇಡುತ್ತದೆ, ತಲೆ ಬಂಡೆಗೆ ಬಡಿಯುವುದನ್ನು ತಡೆಯುವುದಿಲ್ಲ. ಹಿಂದೆಲ್ಲ ಹೊಳೆಯ ಆಚೆ ದಡದ ಜನ ಪ್ರವಾಹದಲ್ಲೂ ತೆಪ್ಪದಲ್ಲೇ ದಾಟುತ್ತಿರಲಿಲ್ಲವೇ ಎನ್ನುವವರಿದ್ದಾರೆ. ದಾಟುತ್ತಿದ್ದರು, ಬೇರೆ ದಾರಿಯಿಲ್ಲದೆ. ಆಸ್ಪತ್ರೆಗೋ ಹೆರಿಗೆಗೋ ದಾಟಿದವರ ಅನಿವಾರ್ಯವನ್ನು ಮೋಜಿನ ಸವಾರಿಗೆ ಸಮರ್ಥನೆಯಾಗಿ ಬಳಸುವುದು ಅವರಿಗೆ ಮಾಡುವ ಅನ್ಯಾಯ. ಲೆಕ್ಕವೇ ತಪ್ಪಬಹುದಲ್ಲ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಚಂಡಮಾರುತದ ವಲಯದ ಹೊರಗಿದೆ ಎಂದು ಜನ ನಂಬಿದ್ದ ಗ್ರೆನಡಾವನ್ನು 2004ರಲ್ಲಿ ಐವನ್ ಚಂಡಮಾರುತ ಧ್ವಂಸ ಮಾಡಿತು. ಲೆಕ್ಕ ಪೂರ್ತಿ ಕಾಯುವುದಿಲ್ಲ ಎಂಬುದನ್ನು ಇದು ತೋರಿಸುತ್ತದೆ. ಲೆಕ್ಕವಿಲ್ಲದಿರುವುದೇ ವಾಸಿ ಎಂದು ತೋರಿಸುವುದಿಲ್ಲ. ಲೆಕ್ಕ ತಪ್ಪುವ ಸಂಭವವಿದ್ದರೆ ಮಿತಿಯನ್ನು ಇನ್ನಷ್ಟು ಕೆಳಗಿಡಬೇಕು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ತೆಪ್ಪ ನಡೆಸುವವರದು. ಜನ ಬರುವುದೇ ನೀರು ಬಂದಾಗ, ನೀರು ಬಂದಾಗಲೇ ನಿಲ್ಲಿಸಿದರೆ ನಾವು ತಿನ್ನುವುದೇನು? ಇದಕ್ಕೆ ಉತ್ತರ ಕರಾವಳಿಯಲ್ಲಿದೆ. ಅಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುತ್ತದೆ. ಕೆಲಸವಿಲ್ಲದ ತಿಂಗಳುಗಳಿಗಾಗಿ ಮೀನುಗಾರರ ಉಳಿತಾಯಕ್ಕೆ ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ತಮ್ಮ ಪಾಲು ಸೇರಿಸುವ ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ. ಆ ಮೊತ್ತ ದೊಡ್ಡದಲ್ಲ, ಆದರೆ ತತ್ವ ಸರಿಯಾದದ್ದು: ಎಲ್ಲರ ಒಳಿತಿಗೆ ದುಡಿಮೆ ನಿಲ್ಲಿಸಿದವನ ನಷ್ಟವನ್ನು ಅವನೊಬ್ಬನೇ ಹೊರಬಾರದು. ಹೊಗೇನಕಲ್‌ನ ತೆಪ್ಪದವರಿಗೂ ಇದೇ ಬಗೆಯ ನಿಧಿ ಬೇಕು. ಬೇಸಿಗೆಯ ಪ್ರತಿ ಟಿಕೆಟ್ಟಿನಿಂದ ಸಣ್ಣ ಪಾಲು, ಸರ್ಕಾರದಿಂದ ಒಂದು ಪಾಲು ಕೂಡಿಟ್ಟರೆ ಸಾಕು. ಹಸಿದವನಿಂದ ‘ಇಲ್ಲ’ ಎಂಬ ಮಾತು ನಿರೀಕ್ಷಿಸುವುದು ಕ್ರೌರ್ಯ.

ಲೆಕ್ಕವಂತೂ ಹೊಸದಾಗಿ ಹುಡುಕಬೇಕಾಗಿಲ್ಲ. ಹೊಗೇನಕಲ್‌ಗಿಂತ ಮೇಲೆ, ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗ ಹರಿವನ್ನು ದಿನವೂ ಅಳೆಯುತ್ತದೆ. ಎರಡು ರಾಜ್ಯಗಳ ನೀರಿನ ಹಂಚಿಕೆಗೆ ಆಧಾರವಾದ ಅಂಕಿ ಅದು. ನೀರು ಏರಿದಾಗ ತಮಿಳುನಾಡಿನ ಧರ್ಮಪುರಿ ಜಿಲ್ಲಾಡಳಿತ ತೆಪ್ಪ ಮತ್ತು ಸ್ನಾನಕ್ಕೆ ತಡೆ ಹಾಕುವುದೂ ರೂಢಿ. ಹೊಳೆ ಒಂದೇ, ದಡ ಎರಡು, ಆಡಳಿತವೂ ಎರಡು. ಚಾಮರಾಜನಗರ ಮತ್ತು ಧರ್ಮಪುರಿ ಜಿಲ್ಲಾಡಳಿತಗಳು ಕೂತು ಒಂದೇ ಮಿತಿಯನ್ನು ಗೊತ್ತುಮಾಡಲಿ. ಬಿಳಿಗುಂಡ್ಲುವಿನ ಆ ದಿನದ ಅಂಕಿ ಹನೂರಿನ ಬಸ್ ನಿಲ್ದಾಣದಲ್ಲಿ, ಮಹದೇಶ್ವರ ಬೆಟ್ಟದಲ್ಲಿ, ಪಾಲಾರ್ ಚೆಕ್‌ಪೋಸ್ಟಿನಲ್ಲಿ ದೊಡ್ಡಕ್ಷರದಲ್ಲಿ ಕಾಣಲಿ. ಇಷ್ಟು ದೂರ ಬಂದಾಯಿತು ಎನ್ನುವ ಮೊದಲೇ ಜನರಿಗೆ ತಿಳಿಯಲಿ. ಬಂಡಳ್ಳಿ, ಹನೂರು, ಕೊಳ್ಳೇಗಾಲ, ಯಳಂದೂರಿನ ಯುವಕರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಗಾಡಿ ಹತ್ತುವ ಮೊದಲು ಕೆಆರ್‌ಎಸ್, ಕಬಿನಿಯ ಹೊರಹರಿವಿನ ಅಂಕಿ ನೋಡಿ, ಗುಂಪಿನಲ್ಲಿ ಮೊದಲು ‘ಬೇಡ’ ಎಂದವನ ಮಾತಿಗೆ ಬೆಲೆ ಕೊಡಿ, ತೆಪ್ಪದವರು ಒಲ್ಲೆ ಎಂದರೆ ಹೆಚ್ಚು ದುಡ್ಡಿನ ಆಸೆ ತೋರಿಸಬೇಡಿ. ಡಿಸೆಂಬರ್, ಜನವರಿಗೆ ಹೊಳೆ ಇಳಿದಿರುತ್ತದೆ, ಆಗ ಹೋಗಿ.